ಕರಡಿಗೆಯ ಹಿಂದಿನ ಕೈಗಳು

ಇಷ್ಟಲಿಂಗವನ್ನು ಧರಿಸುವ ನಮ್ಮ ಮನೆಗಳಲ್ಲಿ ಬೆಳ್ಳಿಯ ಕರಡಿಗೆಯು ಕೇವಲ ಒಡವೆಯಲ್ಲ. ಅದು ಲಿಂಗಯ್ಯನ ಮನೆ. ಶಿವದಾರದಲ್ಲಿ ಕಟ್ಟಿ ಎದೆಯ ಮೇಲೆ ಧರಿಸುವ ಆ ಕರಡಿಗೆಯನ್ನು ಯಾರು ಮಾಡಿದರು, ಅದಕ್ಕಾಗಿ ಎಷ್ಟು ಹೊತ್ತು ಬೆಂಕಿಯ ಮುಂದೆ ಕುಳಿತರು ಎಂದು ವಿಚಾರಿಸುವವರು ವಿರಳ. ಮಾಡುವ ಕೈಗಳನ್ನು ಮರೆತ ಸಮಾಜವು ಕಾಯಕದ ಹೆಸರನ್ನು ಎಷ್ಟು ಬಾರಿ ಹೇಳಿದರೂ ಅದು ಬರಿಯ ಬಾಯಿಮಾತೇ ಆಗುತ್ತದೆ.

ಈ ಮಾತಿಗೆ ಕಾರಣವುಂಟು. ಮಗನೋ ಮಗಳೋ ಬೆಳ್ಳಿಯ ಕೆಲಸ ಕಲಿಯುತ್ತೇನೆಂದರೆ ತಂದೆತಾಯಿಗಳು ಕಳವಳಗೊಳ್ಳುತ್ತಾರೆ. ಇಂಜಿನಿಯರಿಂಗ್ ಸೀಟಿಗಾಗಿ ಹೊಲವನ್ನೇ ಮಾರಲು ಸಿದ್ಧರಾದವರು ಸುತ್ತಿಗೆ ಇಕ್ಕಳಗಳಿಗೆ ಹಣ ಕೊಡಲು ಹಿಂಜರಿಯುತ್ತಾರೆ. ಬೀಗರು ಏನೆಂದಾರು ಎಂಬ ಭಯ ಅವರನ್ನು ಕಾಡುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಭಯವಿರಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮಡಿವಾಳ ಮಾಚಿದೇವರು ಬಟ್ಟೆಯನ್ನು ಮಡಿ ಮಾಡಿದರು. ಕಿನ್ನರಿ ಬೊಮ್ಮಯ್ಯನವರು ಮೊದಲು ಅಕ್ಕಸಾಲೆ ವೃತ್ತಿಯವರಾಗಿದ್ದರೆಂದು ಪರಂಪರೆ ಹೇಳುತ್ತದೆ. ಇವರೆಲ್ಲರೂ ಶರಣರ ಗೋಷ್ಠಿಯಲ್ಲಿ ಸಮಾನರಾಗಿದ್ದರು.

ಬೆಳ್ಳಿಯ ಕೆಲಸವನ್ನು ಪುಸ್ತಕದಿಂದ ಮಾತ್ರ ಕಲಿಯಲಾಗದು. ತಲೆಮಾರುಗಳಿಂದ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿರುವ ವಿಶ್ವಕರ್ಮ ಬಂಧುಗಳ ಬಳಿ ಶಿಷ್ಯಭಾವದಿಂದ ಕುಳಿತು ಕಲಿಯುವುದೇ ಉತ್ತಮ ಮಾರ್ಗವೆಂದು ನಾವು ಭಾವಿಸುತ್ತೇವೆ. ಮೂಸೆಯಲ್ಲಿ ಬಿಳಿಗಾರ ಹಾಕಿ ಬೆಳ್ಳಿಯನ್ನು ಕರಗಿಸುವುದು, ಎರಕದ ಗಟ್ಟಿಯನ್ನು ಬಡಿದು ತಗಡು ಮಾಡುವುದು, ಕಂಬಚ್ಚಿನ ರಂಧ್ರಗಳಲ್ಲಿ ತಂತಿಯನ್ನು ಎಳೆಯುವುದು, ಬೆಸುಗೆ ಹಾಕುವುದು, ಅರದಿಂದ ಉಜ್ಜಿ ಹೊಳಪು ಕೊಡುವುದು ಇವೆಲ್ಲವೂ ಆ ಕಲಿಕೆಯಲ್ಲಿ ಸೇರಿವೆ. ಶುದ್ಧ ಬೆಳ್ಳಿಯು ಸುಮಾರು 962 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗುತ್ತದೆ. ಬಡಿಯುತ್ತ ಹೋದಂತೆ ತಗಡು ಪೆಡಸಾಗುತ್ತದೆ. ಆಗ ಅದನ್ನು ಕಾಯಿಸಿ ಮೆತ್ತಗಾಗಿಸದೆ ಮತ್ತೆ ಬಡಿದರೆ ಬಿರುಕು ಬಿಡುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕೈಯೇ ಅರಿಯಬೇಕು. ಮೊದಲು ತಾಮ್ರದ ತಗಡಿನ ಮೇಲೆ ಕೈ ಪಳಗಿಸಿಕೊಂಡರೆ ನಷ್ಟ ಕಡಿಮೆ.

ಇತ್ತೀಚಿನ ದಶಕಗಳಲ್ಲಿ ಇದರ ಜೊತೆಗೆ ಇನ್ನೊಂದು ಬಾಗಿಲು ತೆರೆದಿದೆ. ಅದೇ ಸಿಲ್ವರ್ ಕ್ಲೇ, ಅಂದರೆ ಬೆಳ್ಳಿಯ ಮಣ್ಣು. 1990ರ ದಶಕದ ಆರಂಭದಲ್ಲಿ ಜಪಾನಿನ ಮಿಟ್ಸುಬಿಷಿ ಮೆಟೀರಿಯಲ್ಸ್ ಸಂಸ್ಥೆಯು ಇದನ್ನು ರೂಪಿಸಿತು. ಹೆಸರು ಮಣ್ಣಾದರೂ ಇದರಲ್ಲಿ ಮಣ್ಣಿಲ್ಲ. ಬೆಳ್ಳಿಯ ಅತಿ ನುಣುಪಾದ ಪುಡಿಯನ್ನು ನೀರು ಮತ್ತು ಅಂಟಿನೊಡನೆ ಕಲಸಿ ಕಣಕದಂತೆ ಮಾಡಿರುತ್ತಾರೆ. ಅದನ್ನು ಲಟ್ಟಿಸಬಹುದು, ಅಚ್ಚಿನಲ್ಲಿ ಒತ್ತಬಹುದು. ಬಿಲ್ವಪತ್ರೆಯ ಮೇಲೆ ಹಲವು ಪದರ ಬಳಿದು ಅದರ ನರಗಳನ್ನೇ ಬೆಳ್ಳಿಯಲ್ಲಿ ಮೂಡಿಸಬಹುದು. ಚೆನ್ನಾಗಿ ಒಣಗಿಸಿ, ಬಗೆಗೆ ತಕ್ಕಂತೆ ಸುಮಾರು 650ರಿಂದ 900 ಡಿಗ್ರಿ ಉಷ್ಣದ ಕುಲುಮೆಯಲ್ಲಿಟ್ಟರೆ ಅಂಟು ಉರಿದುಹೋಗಿ, ಬೆಳ್ಳಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೊರಬಂದಾಗ ಅದು ಸುಣ್ಣದಂತೆ ಬೆಳ್ಳಗಿರುತ್ತದೆ. ಲೋಹದ ಕುಂಚದಿಂದ ಉಜ್ಜಿದಾಗ ಬೆಳ್ಳಿಯ ಕಾಂತಿ ಕಾಣುತ್ತದೆ.

ಆದರೆ ಇದು ಅಡ್ಡದಾರಿಯಲ್ಲ. ಸುಟ್ಟಾಗ ವಸ್ತುವು ಕುಗ್ಗುತ್ತದೆ. ನೂರಕ್ಕೆ ಹತ್ತರಷ್ಟು ಕುಗ್ಗುವ ಬಗೆಯಾದರೆ, 45 ಮಿಲಿಮೀಟರ್ ಅಗಲದ ಪದಕ ಬೇಕೆಂಬವರು ಮೊದಲು 50 ಮಿಲಿಮೀಟರ್ ಅಗಲಕ್ಕೆ ಮಾಡಿಕೊಳ್ಳಬೇಕು. ಸೂಕ್ಷ್ಮ ರಂಧ್ರಗಳು ಉಳಿಯುವುದರಿಂದ ಬಡಿದ ತಗಡಿನಷ್ಟು ಗಟ್ಟಿಯೂ ಆಗದು. ದಿನವೂ ತೆರೆದು ಮುಚ್ಚುವ ಕರಡಿಗೆಗೆ ಬಡಿದ ಬೆಳ್ಳಿಯೇ ಸರಿ. ಪದಕ, ಓಲೆಗಳಿಗೆ ಈ ಕಣಕ ಒಪ್ಪುತ್ತದೆ. ಬೆಳ್ಳಿಯ ತೂಕದ ಬೆಲೆಗಿಂತ ಇದರ ಬೆಲೆ ಹೆಚ್ಚು. ಆದರೂ ಚಿಕ್ಕ ಮೇಜೊಂದರ ಮೇಲೆ ಕೆಲಸ ಸಾಗುವುದರಿಂದ, ಮನೆಯಲ್ಲಿದ್ದೇ ಕಲಿಯಬಯಸುವ ಹೆಣ್ಣುಮಕ್ಕಳಿಗೆ ಇದು ಒಳ್ಳೆಯ ಆರಂಭವಾಗಬಲ್ಲದು. ಸುಡುವ ಸ್ಥಳದಲ್ಲಿ ಗಾಳಿ ಚೆನ್ನಾಗಿ ಆಡುತ್ತಿರಬೇಕು. ಬೆಸುಗೆ ಹಾಕುವವರು ಕ್ಯಾಡ್ಮಿಯಂ ಬೆರೆತ ಬೆಸುಗೆಯನ್ನು ಮುಟ್ಟಲೇಬಾರದು, ಅದರ ಹೊಗೆ ವಿಷ.

ಕೈಚಳಕಕ್ಕಿಂತಲೂ ಕಠಿಣವಾದುದು ಪ್ರಾಮಾಣಿಕತೆ. ಶುದ್ಧ ಬೆಳ್ಳಿ ಮೆತುವಾದ್ದರಿಂದ ಅದಕ್ಕೆ ತಾಮ್ರ ಬೆರೆಸುವುದು ವಾಡಿಕೆ. ಸಾವಿರಕ್ಕೆ 925 ಭಾಗ ಬೆಳ್ಳಿಯಿದ್ದರೆ ಅದು ಸ್ಟರ್ಲಿಂಗ್ ಬೆಳ್ಳಿ. ಬೆರೆಸುವುದು ತಪ್ಪಲ್ಲ, ಬೆರೆಸಿದ್ದನ್ನು ಮುಚ್ಚಿಡುವುದು ತಪ್ಪು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರೆಂಬ ಪ್ರಸಂಗವನ್ನು ಎಲ್ಲರೂ ಬಲ್ಲರು. ಬೆಳ್ಳಿಯ ಕಾಯಕದಲ್ಲಿ ಆ ಹೆಚ್ಚಿನ ಅಕ್ಕಿ ಯಾವುದು? ಅರದಡಿ ಉದುರುವ ಪುಡಿ, ಕತ್ತರಿಸಿ ಉಳಿದ ಚೂರು, ಗಿರಾಕಿ ಕೊಟ್ಟ ಹಳೆಯ ಒಡವೆಯ ತೂಕ. ಇವುಗಳ ಲೆಕ್ಕವನ್ನು ಬರೆದು ಕೊಡುವವನೇ ಕಾಯಕಜೀವಿ. ಬೆಳ್ಳಿಗೂ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ವ್ಯವಸ್ಥೆಯಿದೆ. ಕೊಳ್ಳುವವರು ಅದನ್ನು ಕೇಳಲಿ, ಮಾಡುವವರು ಹಿಂಜರಿಯದೆ ಒಪ್ಪಲಿ.

ಈಗಾಗಲೇ ಕೈಕಸುಬಿನಲ್ಲಿ ತೊಡಗಿರುವವರಿಗಾಗಿ ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಅದರ 18 ಕಸುಬುಗಳಲ್ಲಿ ಅಕ್ಕಸಾಲೆಯೂ ಸೇರಿದೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿವರೆಗಿನ ನೆರವು, ಒತ್ತೆಯಿಲ್ಲದ ಸಾಲ ಇವು ಅದರ ಅಂಗಗಳು.

ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೇ. ಮಕ್ಕಳು ಕೈಯ ಕೆಲಸ ಬಯಸಿದರೆ ತಡೆಯಬೇಡಿರಿ. ಎಷ್ಟು ಗಳಿಸುವೆ ಎಂದು ಕೇಳುವ ಮೊದಲು, ಯಾರ ಬಳಿ ಕಲಿಯುವೆ, ತೂಕದಲ್ಲಿ ನೇರವಾಗಿರುವೆಯಾ ಎಂದು ಕೇಳಿರಿ. ಈ ಎರಡು ಪ್ರಶ್ನೆಗಳಿಗೆ ತಕ್ಕ ಉತ್ತರ ದೊರೆತರೆ, ಮನೆಯ ಮುಂದಿನ ಕರಡಿಗೆಯನ್ನು ಆ ಮಗುವಿನ ಕೈಯಿಂದಲೇ ಮಾಡಿಸಿರಿ.