ಎರಡೂವರೆ ಗುಂಟೆಯ ಕಾಯಿಪಲ್ಯದ ತೋಟ

ಇಂಗ್ಲೆಂಡು ದೇಶದಲ್ಲಿ ಊರುಗಳ ಅಂಚಿನಲ್ಲಿಯೂ ರೈಲುರಸ್ತೆಗಳ ಮಗ್ಗುಲಲ್ಲಿಯೂ ಸಣ್ಣ ಸಣ್ಣ ಪಟ್ಟಿಗಳಾಗಿ ಹಂಚಿದ ತರಕಾರಿ ತೋಟಗಳು ಕಾಣಬರುವುವು. ಇವುಗಳಿಗೆ ಅಲ್ಲಿ ಅಲಾಟ್‌ಮೆಂಟ್ ಎಂದು ಹೆಸರು. ಸ್ವಂತ ನೆಲವಿಲ್ಲದವರು ವರ್ಷಕ್ಕಿಷ್ಟೆಂದು ಅಲ್ಪ ಗುತ್ತಿಗೆಯನ್ನು ಕೊಟ್ಟು, ಮನೆವಾರ್ತೆಗೆ ಬೇಕಾದ ಕಾಯಿಪಲ್ಯವನ್ನು ತಾವೇ ಬೆಳೆದುಕೊಳ್ಳುವರು. ಒಂದು ಪೂರ್ತಿ ಪಟ್ಟಿಯ ವಾಡಿಕೆಯ ಅಳತೆ ಹತ್ತು ರಾಡ್. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಇಷ್ಟು ನೆಲದಿಂದ ಏನಾದೀತೆಂದು ಹತ್ತಾರು ಎಕರೆಯುಳ್ಳವರಿಗೆ ತೋರಬಹುದು. ಅದರ ಬೆಲೆ ತಿಳಿಯುವುದು ಬೇಸಿಗೆಯ ಕಡೆಯ ದಿನಗಳಲ್ಲಿ.

ಅಲ್ಲಿಯ ಬೇಸಿಗೆಯನ್ನು ನಮ್ಮ ಚೈತ್ರ ವೈಶಾಖಗಳ ಬೇಸಿಗೆಯೆಂದು ಭಾವಿಸಬಾರದು. ಜೂನಿನಿಂದ ಆಗಸ್ಟಿನವರೆಗೆ ಅವರ ಬೇಸಿಗೆ. ನಮ್ಮಲ್ಲಿ ಶ್ರಾವಣದ ಮಳೆ ಹಿಡಿದಿರುವಾಗ ಅಲ್ಲಿ ಅದು ಮುಗಿಯುತ್ತ ಬಂದಿರುವುದು. ಮುಂದೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂದಿತೆಂದರೆ ಹುರುಳಿ, ಕುಂಬಳದ ಜಾತಿಯ ಗಿಡಗಳು ಒಂದೇ ರಾತ್ರಿಯಲ್ಲಿ ಕಪ್ಪಾಗಿ ಬಿದ್ದುಹೋಗುವುವು. ಆದಕಾರಣ ವಸಂತದಿಂದ ದುಡಿದುದರ ಬಹುಪಾಲು ಫಲವನ್ನು ಆಗಸ್ಟ್ ಸೆಪ್ಟೆಂಬರುಗಳಲ್ಲಿಯೇ ಕೈಗೆ ತಂದುಕೊಳ್ಳಬೇಕು.

ರನ್ನರ್ ಬೀನ್ಸ್ ಎಂಬ, ಕೆಂಪು ಹೂ ಬಿಡುವ ಬಳ್ಳಿಹುರುಳಿ ಅಲ್ಲಿಯವರಿಗೆ ಬಹು ಪ್ರಿಯವಾದುದು. ಆಳುದ್ದಕ್ಕಿಂತ ಎತ್ತರದ ಗಳುಗಳಿಗೆ ಅದನ್ನು ಹಬ್ಬಿಸುವರು. ಎರಡು ಮೂರು ದಿನಗಳಿಗೊಮ್ಮೆ ಎಳೆಯ ಕಾಯನ್ನು ಬಿಡಿಸುತ್ತಲೇ ಇರಬೇಕು. ಕಾಯಿ ಬಲಿತು ಒಳಗೆ ಬೀಜ ಕಟ್ಟಿತೆಂದರೆ ಬಳ್ಳಿಯು ತನ್ನ ಕೆಲಸ ತೀರಿತೆಂದು ಹೂ ಬಿಡುವುದನ್ನು ನಿಲ್ಲಿಸುವುದು. ನಮ್ಮಲ್ಲಿ ಬೆಂಡೆಯನ್ನು ಬೆಳೆಯುವವರಿಗೆ ಇದು ಹೊಸ ಮಾತಲ್ಲ. ಬುಡದಲ್ಲಿ ತೇವವಾರಿದರೆ ಹೂ ಕಾಯಿ ಕಟ್ಟದು; ಒಣಹವೆಯಲ್ಲಿ ನೀರು ಹೊರುವುದೇ ಸಂಜೆಯ ಕೆಲಸವಾಗುವುದು. ಕೋರ್ಜೆಟ್ ಎಂಬ ಕುಂಬಳದ ಜಾತಿಯ ಕಾಯನ್ನೂ ಗೇಣಿಗಿಂತ ಕಡಿಮೆ ಉದ್ದವಿರುವಾಗಲೇ ಕೊಯ್ಯುವರು. ಒಂದು ವಾರ ಮರೆತರೆ ಅದು ತೊಡೆಗಾತ್ರಕ್ಕೆ ಬೆಳೆದು, ನೆರೆಯವರಿಗೆ ಕೊಟ್ಟರೂ ಬೇಡವೆನ್ನುವ ವಸ್ತುವಾಗುವುದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಆಲೂಗಡ್ಡೆಗೆ. ಬೇಸಿಗೆಯ ಕಡೆಯಲ್ಲಿ ಬೆಚ್ಚನೆಯ ಜಡಿಮಳೆ ಹಿಡಿದರೆ ಅಂಗಮಾರಿ ರೋಗವು ತಲೆದೋರುವುದು. ಎಲೆಯಲ್ಲಿ ಕಂದು ಮಚ್ಚೆಗಳು ಹರಡಿ, ತೇವವಿರುವಾಗ ಎಲೆಯಡಿಯಲ್ಲಿ ಬಿಳಿಯ ಬೂಷ್ಟು ಕಾಣುವುದು. ಕೆಲವೇ ದಿನಗಳಲ್ಲಿ ಇಡೀ ಪಟ್ಟಿ ಕೊಳೆಯಬಹುದು. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗವನ್ನು ತರುವ ಜೀವಿಯೂ ಇದೂ ಒಂದೇ ಕುಲದವು. ಹಾಸನದ ಸೀಮೆಯಲ್ಲಿ ಮುಂಗಾರಿನ ಆಲೂಗಡ್ಡೆಯನ್ನು ಹಾಳುಮಾಡುವುದೂ ಇದೇ ಅಂಗಮಾರಿ. ೧೮೪೫ರಲ್ಲಿ ಐರ್ಲೆಂಡನ್ನು ಹೊಕ್ಕು, ಅಲ್ಲಿಯ ಬಡ ಒಕ್ಕಲುಗಳ ಏಕಮಾತ್ರ ಆಹಾರವಾಗಿದ್ದ ಬೆಳೆಯನ್ನು ವರ್ಷ ವರ್ಷವೂ ಕೊಳೆಯಿಸಿದುದು ಇದೇ ರೋಗ. ಆ ಕ್ಷಾಮದಲ್ಲಿ ಹಸಿವಿನಿಂದಲೂ ಅದರ ಹಿಂದೆಯೇ ಬಂದ ಜ್ವರಗಳಿಂದಲೂ ಸುಮಾರು ಹತ್ತು ಲಕ್ಷ ಜನರು ಮಡಿದರು.

ರೋಗವು ಪಟ್ಟಿಯಲ್ಲಿ ಹರಡಲಾರಂಭಿಸಿದೊಡನೆ ಅನುಭವಸ್ಥನು ಗಿಡವನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು ತೆಗೆದುಬಿಡುವನು. ಅರ್ಧ ಹಸುರಾಗಿರುವ ಗಿಡಕ್ಕೆ ಕುಡುಗೋಲು ಹಾಕಲು ಯಾರಿಗೂ ಮನಸ್ಸು ಬಾರದು. ಗೆಡ್ಡೆಯ ಬೆಳವಣಿಗೆಯೂ ಅಲ್ಲಿಗೇ ನಿಲ್ಲುವುದು. ಆದರೆ ತಡಮಾಡಿದರೆ ಮಳೆಯ ನೀರಿನೊಡನೆ ರೋಗದ ಕಣಗಳು ಮಣ್ಣಿಗಿಳಿದು ಗೆಡ್ಡೆಯನ್ನು ಸೇರುವುವು. ಗಾಳಿಯಲ್ಲಿ ಹಾರಿ ನೆರೆಯವರ ಪಟ್ಟಿಗೂ ತಗಲುವುವು. ಒಬ್ಬನ ಔದಾಸೀನ್ಯದಿಂದ ಹತ್ತು ಮಂದಿಗೆ ನಷ್ಟವಾಗುವ ಸಂಗತಿಗಳಲ್ಲಿ ಇದೊಂದು. ಕೊಯ್ದ ಮೇಲೆ ಎರಡು ವಾರ ಸುಮ್ಮನಿರಬೇಕು. ಅಷ್ಟರಲ್ಲಿ ಗೆಡ್ಡೆಯ ಸಿಪ್ಪೆ ಗಟ್ಟಿಯಾಗುವುದು, ನೆಲದ ಮೇಲಣ ಕಣಗಳೂ ಸಾಯುವುವು. ಆಮೇಲೆ ಒಣದಿನವನ್ನು ನೋಡಿ ಅಗೆದು, ಕೆಲವು ಗಂಟೆ ಆರಿಸಿ, ಗಾಯವಾದುದನ್ನು ಬೇರೆಯಿರಿಸಿ, ಉಳಿದುದನ್ನು ಗೋಣಿಯಲ್ಲಿ ತುಂಬಿ ಕತ್ತಲೆಯಲ್ಲಿಡತಕ್ಕದ್ದು. ಬೆಳಕು ತಾಗಿ ಹಸುರಾದ ಗೆಡ್ಡೆಯಲ್ಲಿ ವಿಷಾಂಶವಿರುವುದರಿಂದ ಅದನ್ನು ತಿನ್ನಕೂಡದು. ನೆಲದಲ್ಲಿ ಮರೆತುಳಿದ ಗೆಡ್ಡೆಯು ಮುಂದಿನ ವರ್ಷಕ್ಕೆ ರೋಗವನ್ನು ಕಾದಿರಿಸುವುದಾದಕಾರಣ ಎರಡನೆಯ ಸಾರಿ ಅಗೆದು ನೋಡುವುದು ಲೇಸು.

ಈರುಳ್ಳಿಯ ಎಲೆಗಳು ತಾವಾಗಿಯೇ ಬಾಗಿ ಬಿದ್ದಾಗ ಅದು ಬಲಿತಿತೆಂದು ತಿಳಿಯುವರು. ಹಿಂದೆ ಬೇಗ ಬಲಿಯಲೆಂದು ಕತ್ತನ್ನು ಕೈಯಿಂದ ಬಗ್ಗಿಸುತ್ತಿದ್ದರು. ಅದರಿಂದ ಕೊಳೆಯು ಒಳಹೊಗುವುದೆಂದು ಈಗ ಬೇಡವೆನ್ನುವರು. ಕಿತ್ತ ಮೇಲೆ ಗಾಳಿಯಾಡುವ ಕಡೆ ಕತ್ತು ಕಾಗದದಂತಾಗುವವರೆಗೆ ಒಣಗಿಸಿ, ಜಡೆ ಹೆಣೆದು ತೂಗುಹಾಕುವರು. ದಪ್ಪ ಕತ್ತಿನವು ಬಾಳವು. ಅವನ್ನು ಮೊದಲು ಅಡಿಗೆಗೆ ಬಳಸತಕ್ಕದ್ದು.

ತೆರವಾದ ಮಡಿಯನ್ನು ಬರಿದೆ ಬಿಡುವುದಿಲ್ಲ. ಕೋಸಿನ ಸಸಿಯನ್ನಿಡುವರು, ಇಲ್ಲವೆ ಹಸುರುಗೊಬ್ಬರಕ್ಕೆಂದು ಸಾಸಿವೆ ಚೆಲ್ಲುವರು. ಸಾಸಿವೆಯೂ ಕೋಸೂ ಒಂದೇ ಕುಟುಂಬದವಾದುದರಿಂದ, ಕೋಸಿಗೆ ಬೇರುಗಂಟಿನ ರೋಗ ಬಂದ ಮಡಿಯಲ್ಲಿ ಸಾಸಿವೆ ಸಲ್ಲದು.

ಈ ಪಟ್ಟಿಗಳು ಹುಟ್ಟಿದ ಬಗೆಯನ್ನು ಗ್ರಾಮದ ಯಜಮಾನರೂ ಜಮೀನುದಾರರೂ ಲಕ್ಷ್ಯವಿಟ್ಟು ನೋಡಬೇಕೆಂದು ಕೋರುತ್ತೇವೆ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಊರೊಟ್ಟಿನ ನೆಲಗಳಿಗೆ ಬೇಲಿ ಬಿದ್ದು, ಕೂಲಿಗಾರರು ಹಸು ಮೇಯಿಸುವ ತಾವನ್ನೂ ಕಳೆದುಕೊಂಡರು. ಅವರಿಗೆ ತುಂಡುನೆಲ ಕೊಟ್ಟರೆ ತಮ್ಮ ಹೊಲದ ಕೆಲಸ ಕೆಡುವುದೆಂದು ಅನೇಕ ಧಣಿಗಳು ಅಂಜಿದರು. ಕಡೆಗೆ ಕಾನೂನೇ ಬರಬೇಕಾಯಿತು. ೧೯೦೮ರ ಕಾಯಿದೆಯಂತೆ ಊರಿನ ಆರು ಮಂದಿ ಮತದಾರರು ಬರೆದು ಕೇಳಿದರೆ ಸ್ಥಳೀಯ ಸಭೆಯು ಅದನ್ನು ಪರಿಗಣಿಸಲೇಬೇಕು. ಅವಶ್ಯಕತೆ ಕಂಡುಬಂದರೆ ನೆಲವನ್ನೂ ಒದಗಿಸಬೇಕು. ೧೯೨೨ರ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಈಗಿನ ರೂಪದಲ್ಲಿ ಸಾಗುವಳಿದಾರನನ್ನು ಬಿಡಿಸಬೇಕಾದರೆ ಹನ್ನೆರಡು ತಿಂಗಳ ನೋಟೀಸು ಬೇಕು. ಆ ಅವಧಿಯು ಏಪ್ರಿಲ್ ೬ಕ್ಕೆ ಅಥವಾ ಅದಕ್ಕೆ ಮುಂಚೆ, ಇಲ್ಲವೆ ಸೆಪ್ಟೆಂಬರ್ ೨೯ಕ್ಕೆ ಅಥವಾ ಅನಂತರ ಮುಗಿಯಬೇಕು. ಎಂದರೆ, ಗುತ್ತಿಗೆಯ ಬಾಕಿಯೇ ಮುಂತಾದ ಕೆಲವು ಕಾರಣಗಳ ಹೊರತು, ಬೆಳೆ ನಿಂತಿರುವ ಕಾಲದಲ್ಲಿ ಬೆಳೆದವನನ್ನು ಎಬ್ಬಿಸುವಂತಿಲ್ಲ. ಕರ್ನಾಟಕದಲ್ಲಿ ೧೯೭೪ರಿಂದ ಗೇಣಿಯ ಕಾನೂನು ಬೇರೆಯಾಗಿರುವುದರಿಂದ ಈ ಏರ್ಪಾಟನ್ನು ಹಾಗೆಯೇ ಇಲ್ಲಿಗೆ ತರಲಾಗದು. ತಾರೀಖನ್ನು ಬೆಳೆಗೆ ಹೊಂದಿಸಿದ ವಿವೇಕವು ಮಾತ್ರ ಎಲ್ಲಿಯಾದರೂ ಸಲ್ಲುವಂಥದು. ಸೆಪ್ಟೆಂಬರ್ ೨೯ರ ವೇಳೆಗೆ ಆಲೂಗಡ್ಡೆ ಗೋಣಿಯನ್ನೂ ಈರುಳ್ಳಿ ಸೂರನ್ನೂ ಸೇರಿರುವುವು. ಹುರುಳಿಯ ಬಳ್ಳಿಯೊಂದು ಮೊದಲ ಹೆಪ್ಪಿನ ರಾತ್ರಿಯವರೆಗೂ ಕಾಯಿ ಕೊಡುತ್ತಿರುವುದು.