ಮಲ್ಲಂದೂರಿನ ಒತ್ತಕ್ಷರ

ಚಿಕ್ಕಮಗಳೂರಿನಿಂದ ಮುತ್ತೋಡಿಯ ಅರಣ್ಯದ ಕಡೆಗೆ ಏರುತ್ತ ಸಾಗುವ ಮಾರ್ಗದಲ್ಲಿ ಮಲ್ಲಂದೂರನ್ನು ಹಾಯ್ದುಹೋಗುವವರ ಕಣ್ಣಿಗೆ ಬೀಳುವ ಬರವಣಿಗೆಗಳು ನಾನಾ ವಿಧದವು. ತೋಟದ ಗೇಟಿನ ಮೇಲಿನ ಹೆಸರು, ಹೋಂಸ್ಟೇಯ ದಾರಿ ತೋರುವ ಫಲಕ, ಕಾಫಿಪುಡಿಯ ಪೊಟ್ಟಣ, ಜಾತ್ರೆಯ ಫ್ಲೆಕ್ಸು, ಅಂಗಡಿಯ ಗೋಡೆಗೆ ಅಂಟಿಸಿದ ಯಕ್ಷಗಾನದ ಕರಪತ್ರ, ಇವೆಲ್ಲವೂ ಒಂದು ಕಾಲಕ್ಕೆ ಕುಂಚ ಹಿಡಿದ ಪೇಂಟರನ ಕೈಯಿಂದಲೋ ಮೊಳೆ ಜೋಡಿಸುವ ಕಂಪಾಸಿಟರನ ಕೈಯಿಂದಲೋ ಮೂಡುತ್ತಿದ್ದವು. ಇಂದು ಇವುಗಳಲ್ಲಿ ಬಹುಪಾಲು ಪಟ್ಟಣದ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ, ಕೋರೆಲ್‌ಡ್ರಾ, ಫೋಟೋಶಾಪ್, ಇನ್‌ಡಿಸೈನ್ ಮೊದಲಾದ ವಿನ್ಯಾಸ ತಂತ್ರಾಂಶಗಳ ಗರ್ಭದಲ್ಲಿ ಜನ್ಮ ತಾಳುತ್ತವೆ. ಕುಂಚದ ಕಾಲದಲ್ಲಿ ಅಕ್ಷರ ವಕ್ರವಾಗುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಈಗ ಅದು ಒಡೆಯುತ್ತದೆ. ಊರಿನ ಹೆಸರೇ ಕೆಲವು ವೇಳೆ 'ಮಲ್‌ಲಂದೂರು' ಎಂದು, ಲಕಾರದ ಕೆಳಗೆ ಕುಳಿತಿರಬೇಕಾದ ಲಾವೊತ್ತು ಸಾಲಿಗೆ ಏರಿ ನಿಂತು, ಓದುವವನ ನಾಲಗೆಯನ್ನು ತಡೆಯುತ್ತದೆ.

ಈ ದೋಷದ ಮೂಲವನ್ನು ಅರಿಯದೆ ಅದನ್ನು ದೂರುವುದು ನಿರರ್ಥಕವಾದುದರಿಂದ ಒಂದಿಷ್ಟು ವಿವರಣೆ ಅವಶ್ಯ. ಗಣಕದಲ್ಲಿ ಪ್ರತಿ ಲಿಪಿಚಿಹ್ನೆಗೂ ಒಂದು ಸಂಕೇತವನ್ನು ಗೊತ್ತುಮಾಡುವ ಯೂನಿಕೋಡ್ ಪದ್ಧತಿಯಲ್ಲಿ ಮಲ್ಲಂದೂರು ಎಂಬ ಶಬ್ದವು ಒಂಬತ್ತು ಸಂಕೇತಗಳಾಗಿ ಸಂಗ್ರಹವಾಗುತ್ತದೆ: ಮಕಾರ, ಲಕಾರ, ಹಲಂತಚಿಹ್ನೆ, ಮತ್ತೆ ಲಕಾರ, ಅನುಸ್ವಾರ, ದಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಉಕಾರದ ಕೊಂಬು. ಆದರೆ ನಮ್ಮ ಕಣ್ಣು ನಿರೀಕ್ಷಿಸುವುದು ಮ, ಲ್ಲಂ, ದೂ, ರು ಎಂಬ ನಾಲ್ಕೇ ಅಕ್ಷರಗಳನ್ನು. ಒಂಬತ್ತನ್ನು ನಾಲ್ಕಾಗಿ ಕೂಡಿಸುವ ಕಾರ್ಯವು ಒಂದು ಕಡೆ ಫಾಂಟಿನೊಳಗಿನ ನಿಯಮಗಳಿಗೂ, ಇನ್ನೊಂದು ಕಡೆ ಆ ನಿಯಮಗಳನ್ನು ಓದಿ ಅಕ್ಷರವನ್ನು ರೂಪಿಸುವ ತಂತ್ರಾಂಶದ ಒಳಯಂತ್ರಕ್ಕೂ ಸೇರಿದ್ದು. ಇವೆರಡರಲ್ಲಿ ಯಾವುದೊಂದು ತಪ್ಪಿದರೂ ಒತ್ತಕ್ಷರ ಬೀದಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಒಂದು ಸಂಕೇತಕ್ಕೆ ಪ್ರಾಯಶಃ ಒಂದು ಆಕೃತಿಯಾದುದರಿಂದ, ಆ ಭಾಷೆಯನ್ನು ಮುಂದಿಟ್ಟುಕೊಂಡು ಹುಟ್ಟಿದ ತಂತ್ರಾಂಶಗಳಿಗೆ ಈ ಕೂಡಿಕೆಯ ಅಗತ್ಯವೇ ಬಹುಕಾಲ ತೋರಲಿಲ್ಲ.

ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ವಿನ್ಯಾಸ ತಂತ್ರಾಂಶಗಳು ಎಚ್ಚೆತ್ತುಕೊಂಡದ್ದು ಬಹಳ ತಡವಾಗಿ. ಇನ್‌ಡಿಸೈನ್ ತನ್ನ ಸಿಎಸ್6 ಆವೃತ್ತಿಯಲ್ಲಿಯೂ ಕೋರೆಲ್‌ಡ್ರಾ ತನ್ನ ಎಕ್ಸ್6 ಆವೃತ್ತಿಯಲ್ಲಿಯೂ ಭಾರತೀಯ ಲಿಪಿಗಳ ಜೋಡಣೆಗೆ ಸರಿಯಾದ ಏರ್ಪಾಡನ್ನು ತಂದವು. ಎರಡೂ 2012ರ ಮಾತು. ನಡುವಣ ಎರಡು ದಶಕಗಳಲ್ಲಿ ನಮ್ಮವರು ಸುಮ್ಮನೆ ಕುಳಿತಿರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಮತ್ತು ಅವರ 'ಸೇಡಿಯಾಪು', 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳಿಂದಲೇ ಕನ್ನಡದ ಮುದ್ರಣ ಬದುಕಿ ಉಳಿಯಿತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು, ಒಂದರಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಒತ್ತು, ಮತ್ತೊಂದರಲ್ಲಿ ದೀರ್ಘ ಎಂಬಂತೆ ಇರಿಸಿ, ತಂತ್ರಾಂಶಕ್ಕೆ ಅರಿವಿಲ್ಲದಂತೆಯೇ ಅದರಿಂದ ಕನ್ನಡವನ್ನು ಬರೆಸಿದ ಆ ಉಪಾಯವು ಜಾಣತನದ್ದೆಂಬುದರಲ್ಲಿ ಸಂದೇಹವಿಲ್ಲ. ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಅದೂ ಆ ಬಗೆಯ ಫಾಂಟುಗಳೂ ಬಿಡಿಸಲಾಗದಂತೆ ಬೆಸೆದುಕೊಂಡದ್ದರಿಂದ ಮಲೆನಾಡಿನ ಅನೇಕ ಮುದ್ರಣಾಲಯಗಳಲ್ಲಿ ಅದು ತನ್ನ ಆಯುಸ್ಸನ್ನು ಮೀರಿ ದುಡಿಯಿತು.

ಆದರೆ ಉಪಾಯವು ಅಭ್ಯಾಸವಾದಾಗ ಅದರ ಬೆಲೆ ತಿಳಿಯುತ್ತದೆ. ಅಕ್ಷರ ಒಡೆದರೆ ಹಳೆಯ ಫಾಂಟಿಗೆ ಮರಳುವುದು, ಇಲ್ಲವೆ ಬೇರೆಡೆ ಸರಿಯಾಗಿ ಮೂಡಿದ ಪದವನ್ನು 'ಕರ್ವ್' ಮಾಡಿ ಚಿತ್ರವನ್ನಾಗಿಸಿ ತಂದು ಕೂಡಿಸುವುದು, ಇದೇ ಪರಿಪಾಠವಾಗಿಹೋಗಿದೆ. ಚಿತ್ರವಾದ ಪದವನ್ನು ತಿದ್ದಲಾಗದು, ಹುಡುಕಲಾಗದು, ಮರುವರ್ಷದ ಜಾತ್ರೆಗೆ ದಿನಾಂಕವೊಂದನ್ನು ಬದಲಿಸಿ ಬಳಸಲಾಗದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ದೋಷವು ಕಂಡವನ ಮೇಜಿನ ಮೇಲೆಯೇ ಮುಚ್ಚಿಹೋಗಿ, ಅದನ್ನು ತಿದ್ದಬಲ್ಲವನ ಕಿವಿಗೆ ಬೀಳದೆ ಉಳಿಯುವುದು. ಅಕ್ಷರ ಒಡೆದುದನ್ನು ಪ್ರತಿದಿನ ನೋಡುವವರು ನಮ್ಮಲ್ಲಿ ಸಾವಿರಾರು ಮಂದಿ ಇರುವಾಗ ಅದನ್ನು ತಯಾರಕರಿಗೆ ಬರೆದು ತಿಳಿಸುವವರು ವಿರಳವಾಗಿರುವುದನ್ನು ನಾನು ಕನ್ನಡದ ಒಂದು ನಿಜವಾದ ಕೊರತೆಯೆಂದೇ ಎಣಿಸುತ್ತೇನೆ.

ಈ ಬೆಟ್ಟಗಳ ಸೀಮೆಯಲ್ಲಿ ಹಾಗೆ ಎಣಿಸಿದವರಲ್ಲಿ ನಾನು ಮೊದಲಿಗನಲ್ಲ. ಮೂಡಿಗೆರೆಯ 'ನಿರುತ್ತರ'ದಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ಬೆಳೆಯುತ್ತ, ಹಕ್ಕಿಗಳ ಛಾಯಾಚಿತ್ರ ತೆಗೆಯುತ್ತ, ಕತೆ ಕಾದಂಬರಿಗಳನ್ನು ಬರೆಯುತ್ತ ಇದ್ದವರು, ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಕೊರತೆಗಳ ಕುರಿತು ಎಡೆಬಿಡದೆ ಮಾತನಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದೊಡನೆ ಸೇರಿ 'ಕುವೆಂಪು ಕನ್ನಡ ತಂತ್ರಾಂಶ'ದ ನಿರ್ಮಾಣಕ್ಕೆ ಹೆಗಲು ಕೊಟ್ಟರು. ಸಾಹಿತಿಗೆ ಈ ಉಸಾಬರಿ ಏಕೆಂದು ಕೇಳುವವರು ಆಗಲೂ ಇದ್ದಿರಬಹುದು. ಬರೆಯುವವನಿಗೆ ಅಕ್ಷರವೇ ಕೈಕೊಟ್ಟರೆ ಬೇರೆ ಯಾರು ಮಾತನಾಡಬೇಕು? 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಬಳಸುವವನು ಸಿದ್ಧಪಡಿಸಿ ಕೊಟ್ಟದ್ದನ್ನು ಮೌನವಾಗಿ ಸ್ವೀಕರಿಸತಕ್ಕವನಲ್ಲ, ನಿರ್ಮಾಣದಲ್ಲಿ ಪಾಲುಗೊಳ್ಳತಕ್ಕವನು ಎಂಬ ನಿಲುವನ್ನು ಅವರಷ್ಟು ದೃಢವಾಗಿ ಬದುಕಿ ತೋರಿಸಿದ ಕನ್ನಡ ಲೇಖಕರು ಕಡಿಮೆ.

ಇಂತಹ ಅಸಮಾಧಾನದಿಂದ ಮಹತ್ತಾದುದೇ ಹುಟ್ಟಿದ ನಿದರ್ಶನ ಹೊರಗೂ ಉಂಟು. ಅಮೆರಿಕದ ಗಣಿತಜ್ಞ ಡೊನಾಲ್ಡ್ ಕ್ನೂತ್ ಅವರು 1977ರಲ್ಲಿ ತಮ್ಮ ಗ್ರಂಥದ ಹೊಸ ಮುದ್ರಣದ ಕರಡಚ್ಚನ್ನು ನೋಡಿ, ಅದರ ಅಕ್ಷರಗಳ ಕುರೂಪಕ್ಕೆ ನೊಂದು, 'ಟೆಕ್' ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ತಾವೇ ರಚಿಸಿದರು. ಅಷ್ಟೇ ಅಲ್ಲ, ತಮ್ಮ ಗ್ರಂಥಗಳಲ್ಲಿ ತಪ್ಪು ಕಂಡುಹಿಡಿದವರಿಗೆ 2 ಡಾಲರ್ 56 ಸೆಂಟುಗಳ ಬಹುಮಾನವನ್ನು ಗೊತ್ತುಮಾಡಿದರು. ತಂತ್ರಾಂಶದ ದೋಷಕ್ಕೆ ಅದು ಇಮ್ಮಡಿಸುತ್ತ ಹೋಗಿ 327 ಡಾಲರ್ 68 ಸೆಂಟುಗಳಿಗೆ ನಿಂತಿತು. ದೂರು ಕೊಟ್ಟವನಿಗೆ ಕೃತಜ್ಞತೆ ಸಲ್ಲಿಸುವ ಆ ಔದಾರ್ಯ ಎಲ್ಲ ತಯಾರಕರಲ್ಲಿಯೂ ಇಲ್ಲ, ನಿಜ.

ಆದರೂ ದೂರಲು ತಡಮಾಡಕೂಡದು. ತಡವಾಗಿ ತಿಳಿಸಿದ ತಪ್ಪಿನ ಗತಿ ಏನೆಂಬುದಕ್ಕೆ ನಮ್ಮ ಹಳಗನ್ನಡದ ಅಕ್ಷರವೊಂದು ಸಾಕ್ಷಿ. ಪಂಪ ರನ್ನರ ಕಾಲದಲ್ಲಿ ಬಳಕೆಯಲ್ಲಿದ್ದ ೞಕಾರಕ್ಕೆ ಯೂನಿಕೋಡಿನವರು 'ಕನ್ನಡ ಅಕ್ಷರ ಫ' ಎಂಬರ್ಥದ ಇಂಗ್ಲಿಷ್ ಹೆಸರನ್ನು ತಪ್ಪಾಗಿ ಕೊಟ್ಟುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಲು ಸಾಧ್ಯವಾಯಿತೇ ಹೊರತು ಮೂಲದ ತಪ್ಪು ಇಂದಿಗೂ ಹಾಗೆಯೇ ಇದೆ. ಆ ಹೆಸರನ್ನು ಅಂಗೀಕರಿಸುವ ಮುನ್ನ ಹಳಗನ್ನಡ ಬಲ್ಲ ಒಬ್ಬರ ಕಣ್ಣಿಗೆ ಅಕ್ಷರಗಳ ಪಟ್ಟಿ ಬಿದ್ದಿದ್ದರೆ!

ಹಾಗಾದರೆ ದೂರನ್ನು ಹೇಗೆ ಬರೆಯಬೇಕು? ಇದರಲ್ಲಿ ಕಾಫಿ ಬೆಳೆಗಾರರಿಂದ ಕಲಿಯತಕ್ಕದ್ದು ಉಂಟು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗ ಕ್ಷೇತ್ರವಾಗಿ ಆರಂಭವಾದ, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಹೋಗುವ ಬೆಳೆಗಾರನು 'ಗಿಡ ಸರಿಯಿಲ್ಲ' ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ತುಕ್ಕು ಹಿಡಿದ ಎಲೆಯನ್ನೋ ಕಾಂಡಕೊರಕ ಕೊರೆದ ಕಾಂಡವನ್ನೋ ಕೈಯಲ್ಲಿ ಹಿಡಿದು, ಗಿಡ ಅರೇಬಿಕವೋ ರೊಬಸ್ಟವೋ, ವಯಸ್ಸೆಷ್ಟು, ನೆರಳೆಷ್ಟು ಎಂಬುದನ್ನೂ ತಿಳಿಸುತ್ತಾನೆ. 'ಕನ್ನಡ ಬರುತ್ತಿಲ್ಲ' ಎಂಬ ದೂರಿಗೂ ಅದೇ ನ್ಯಾಯ. ತಂತ್ರಾಂಶದ ಯಾವ ಆವೃತ್ತಿ, ಯಾವ ವಿಂಡೋಸ್, ಯಾವ ಫಾಂಟು, ಯಾವ ಪದ, ಅದು ಹೇಗೆ ಮೂಡಬೇಕಿತ್ತು, ಹೇಗೆ ಮೂಡಿತು, ಇದೇ ಪದ ಇದೇ ಫಾಂಟಿನಲ್ಲಿ ಬೇರೊಂದು ತಂತ್ರಾಂಶದಲ್ಲಿ ಸರಿಯಾಗಿದೆಯೆ ಎಂಬ ಸಂಗತಿಗಳು ಅದರಲ್ಲಿರಬೇಕು. ಕೊನೆಯ ಪರೀಕ್ಷೆ ಮುಖ್ಯವಾದುದು. ಅದರಿಂದ ದೋಷ ಫಾಂಟಿನದೋ ತಂತ್ರಾಂಶದ್ದೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ದೂರನ್ನು ಓದುವವನಿಗೆ ಕನ್ನಡ ಬಾರದು ಎಂಬುದನ್ನು ಮರೆಯಕೂಡದು. ಸರಿಯಾದ ರೂಪವನ್ನೂ ತಪ್ಪಾದ ರೂಪವನ್ನೂ ಅಕ್ಕಪಕ್ಕದಲ್ಲಿಟ್ಟ ಚಿತ್ರ ಮತ್ತು ಆ ಒಂದೇ ಪದವಿರುವ ಸಣ್ಣ ಫೈಲು ಅವನಿಗೆ ಪುಟಗಟ್ಟಲೆ ವಿವರಣೆಗಿಂತ ಉಪಕಾರಿ.

ಪರೀಕ್ಷೆಗೆ ಪದಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ನಮ್ಮ ಬೆಟ್ಟಗಳ ಹೆಸರುಗಳೇ ಸಾಕು. ಕಳಸವೂ ಮೂಡಿಗೆರೆಯೂ ಒತ್ತಿಲ್ಲದ ಹೆಸರುಗಳಾದುದರಿಂದ ಸಾಧಾರಣ ತಂತ್ರಾಂಶದಲ್ಲಿಯೂ ಬಚಾವಾಗುತ್ತವೆ. ಹೊರನಾಡಿನ 'ಹೊ' ಎಂಬಲ್ಲಿ ಒಂದೇ ಸ್ವರಚಿಹ್ನೆ ಹಕಾರದ ನೆತ್ತಿಯ ಮೇಲೂ ಬಲಕ್ಕೂ ಹರಡಬೇಕು. ಕೊಟ್ಟಿಗೆಹಾರದಲ್ಲಿ ಅದರ ಜೊತೆಗೆ ಟಕಾರದ ಒತ್ತು ಕೆಳಗೆ, ಗುಡಿಸು ಮೇಲೆ. ಮುತ್ತೋಡಿ ಇನ್ನೂ ಕಠಿನ. 'ತ್ತೋ' ಎಂಬ ಒಂದಕ್ಷರದಲ್ಲಿ ತಲೆಯ ಮೇಲೆ, ಅಡಿಯಲ್ಲಿ, ಬಲಗಡೆಯಲ್ಲಿ, ಮೂರೂ ದಿಕ್ಕಿನಲ್ಲಿ ಕೂಡಿಕೆ ನಡೆಯಬೇಕು. ಇವೆಲ್ಲವನ್ನೂ ದಾಟಿದ ತಂತ್ರಾಂಶವು ಹೊರನಾಡಿನ ದೇವಿಯ ನಾಮದಲ್ಲಿ ಎಡವುವುದುಂಟು: ಅನ್ನಪೂರ್ಣೇಶ್ವರಿ ಎಂಬಲ್ಲಿ ಣಕಾರ, ಏತ್ವ, ದೀರ್ಘ, ಅರ್ಕಾವೊತ್ತು ನಾಲ್ಕೂ ಒಂದೇ ಅಕ್ಷರದಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಕೂರಬೇಕು. ಇದೇ ಹೆಸರುಗಳಿಗೆ ಅಕ್ಷರಗಳ ನಡುವಣ ಅಂತರವನ್ನು ಹೆಚ್ಚಿಸಿ ನೋಡಬೇಕು, ಕಮಾನಿನ ಗೆರೆಯ ಮೇಲೆ ಬಾಗಿಸಿ ನೋಡಬೇಕು. ನೆಟ್ಟಗಿರುವಾಗ ಸರಿಯಾಗಿದ್ದ ಒತ್ತು ಆಗ ಕಳಚಿಕೊಳ್ಳುವುದುಂಟು. ಸಾಲುಗಳ ಅಂತರ ಕಿರಿದಾದಾಗ 'ರಾಷ್ಟ್ರ' ಎಂಬಲ್ಲಿಯ ಜೋಡಿ ಒತ್ತುಗಳು ಕೆಳಗಿನ ಸಾಲನ್ನು ತಾಗುವುದನ್ನೂ ಗಮನಿಸತಕ್ಕದ್ದು.

ದೂರುವ ಮೊದಲು ಆಯ್ಕೆಗಳನ್ನು ನೋಡಿಕೊಳ್ಳುವುದು ನ್ಯಾಯ. ಇನ್‌ಡಿಸೈನಿನಲ್ಲಿ 'ವರ್ಲ್ಡ್ ರೆಡಿ' ಎಂಬ ಜೋಡಣೆಯನ್ನು ಆರಿಸದಿದ್ದರೆ ಕನ್ನಡ ಒಡೆದೇ ತೀರುತ್ತದೆ. ಆದರೆ ಕನ್ನಡವನ್ನು ಸರಿಯಾಗಿ ಬರೆಯಬೇಕಾದರೆ ಮೆನುವಿನ ಮೂಲೆಯೊಂದನ್ನು ಶೋಧಿಸಬೇಕೆಂಬ ಸ್ಥಿತಿಯೂ ದೂರಿಗೆ ಅರ್ಹವಾದುದೇ ಎಂದು ನನ್ನ ಅಭಿಪ್ರಾಯ.

ವೇಗದ ಪ್ರಶ್ನೆ ಇದಕ್ಕಿಂತ ತೊಡಕಿನದು. 'ಹ್ಯಾಂಗ್ ಆಗುತ್ತದೆ' ಎಂಬ ಮಾತಿನಲ್ಲಿ ಹಲವು ಕಾರಣಗಳು ಬೆರೆತಿರುತ್ತವೆ. ಹತ್ತು ಅಡಿ ಉದ್ದ ಆರು ಅಡಿ ಎತ್ತರದ ಫ್ಲೆಕ್ಸನ್ನು ಪುಸ್ತಕದ ಮುದ್ರಣಕ್ಕೆ ಸಲ್ಲುವಂತೆ ಇಂಚಿಗೆ 300 ಬಿಂದುಗಳ ಸಾಂದ್ರತೆಯಲ್ಲಿ ರಚಿಸಿದರೆ ಬಿಂದುಗಳ ಸಂಖ್ಯೆ 77 ಕೋಟಿಯನ್ನು ಮೀರಿ, ನಾಲ್ಕು ಬಣ್ಣಗಳಿಗೆ ಒಂದೇ ಪದರವು 3 ಜಿಬಿಗಿಂತ ಅಧಿಕ ಸ್ಮೃತಿಯನ್ನು ಬೇಡುತ್ತದೆ. ದೂರದಿಂದ ನೋಡುವ ಫಲಕಕ್ಕೆ 72 ಬಿಂದುಗಳು ಸಾಕಾದಲ್ಲಿ ಅದೇ ಪದರವು 180 ಎಂಬಿಯೊಳಗೆ ಮುಗಿಯುತ್ತದೆ. ಇದು ತಂತ್ರಾಂಶದ ತಪ್ಪಲ್ಲ. ನೂರಾರು ಫಾಂಟುಗಳನ್ನು ತುಂಬಿಸಿಟ್ಟ ಯಂತ್ರ ನಿಧಾನವಾಗಿ ಏಳುವುದೂ ಅಂತಹುದೇ. ಆದರೆ ನಾಲ್ಕು ಸಾಲಿನ ಕನ್ನಡ ಪಠ್ಯವನ್ನು ಬೆರಳಚ್ಚಿಸುವಾಗ ಪ್ರತಿ ಅಕ್ಷರಕ್ಕೂ ತೆರೆ ತಡವರಿಸಿ, ಅದೇ ಯಂತ್ರದಲ್ಲಿ ಅಷ್ಟೇ ಇಂಗ್ಲಿಷ್ ಸರಾಗವಾಗಿ ಮೂಡಿದರೆ, ಅದು ಬರೆದು ಕಳುಹಿಸಲೇಬೇಕಾದ ದೋಷ. ಯಂತ್ರದ ರ್‍ಯಾಮ್ ಎಷ್ಟೆಂಬುದನ್ನು ಸೇರಿಸಿ ಬರೆಯಬೇಕು. ತಯಾರಕರ ಪ್ರಯೋಗಶಾಲೆಯಲ್ಲಿರುವುದು ಹೊಸ ಯಂತ್ರ, ನಮ್ಮ ಅಂಗಡಿಗಳಲ್ಲಿರುವುದು ಬಹುಮಟ್ಟಿಗೆ ಹಳೆಯದು. ಜೂನ್ ಜುಲೈ ತಿಂಗಳ ಮಳೆಗಾಳಿಗೆ ಮರ ಉರುಳಿ ವಿದ್ಯುತ್ತು ಹೋದಾಗ ತಾನಾಗಿ ಉಳಿಸಿಕೊಂಡ ಪ್ರತಿ ಮರಳಿ ತೆರೆಯಿತೆ ಇಲ್ಲವೆ ಎಂಬುದೂ ತಿಳಿಸತಕ್ಕ ವಿಷಯ. ಆ ಪರೀಕ್ಷೆಯನ್ನು ಮಲೆನಾಡಿನವರಷ್ಟು ಸಲ ಮಾಡಿದವರು ಬೇರೆ ಯಾರಿದ್ದಾರೆ?

ಇನ್ನು ದೂರನ್ನು ಎಲ್ಲಿ ಸಲ್ಲಿಸಬೇಕೆಂಬ ವಿಚಾರ. ಜಿಂಪ್, ಇಂಕ್‌ಸ್ಕೇಪ್ ಮೊದಲಾದ ಮುಕ್ತ ತಂತ್ರಾಂಶಗಳ ದೋಷಪಟ್ಟಿ ಎಲ್ಲರಿಗೂ ತೆರೆದದ್ದು. ಅಲ್ಲಿ ಯಾವ ದೂರು ಎಲ್ಲಿಗೆ ಬಂದಿದೆ ಎಂಬುದನ್ನು ಯಾರೂ ನೋಡಬಹುದು. ಅಕ್ಷರಗಳನ್ನು ಕೂಡಿಸುವ 'ಹಾರ್ಫ್‌ಬಜ್' ಎಂಬ ಒಳಯಂತ್ರವು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಫೋನುಗಳು, ಎಲ್ಲದರಲ್ಲಿಯೂ ಸೇರಿರುವುದರಿಂದ ಅಲ್ಲಿ ಒಂದು ಕನ್ನಡ ದೋಷ ನಿವಾರಣೆಯಾದರೆ ಅದರ ಫಲ ಕೋಟ್ಯಂತರ ಓದುಗರಿಗೆ ಮುಟ್ಟುತ್ತದೆ. ದೂರುಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂಬುದೇ ನಮ್ಮ ಡಿಟಿಪಿಯವರನ್ನು ಹಿಂಜರಿಯುವಂತೆ ಮಾಡಿದೆ. ದೋಷವನ್ನು ಬಲ್ಲವರು ಅವರು. ಬರೆಯಬಲ್ಲವರು ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಗಣಕ ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು. ಇಬ್ಬರೂ ಒಂದು ಮೇಜಿನ ಮುಂದೆ ಕುಳಿತು, ಮೇಲೆ ಹೇಳಿದ ಊರುಗಳ ಹೆಸರನ್ನೇ ಒಂದೊಂದಾಗಿ ಬೆರಳಚ್ಚಿಸಿ ನೋಡಿ, ಕೆಟ್ಟದ್ದನ್ನು ಬರೆದು ಕಳುಹಿಸುವುದು ಒಂದು ಮಧ್ಯಾಹ್ನದ ಕೆಲಸ. ಆಷಾಢದಲ್ಲಿ ಲಗ್ನಪತ್ರಿಕೆಗಳ ಒತ್ತಡ ಇಳಿಯುವುದರಿಂದ ಮುದ್ರಣಾಲಯದವರಿಗೆ ಅದಕ್ಕೆ ಬೇಕಾದ ಬಿಡುವೂ ಉಂಟು.