ಬಿಪಿ ಅಲ್ಲ, ಬಿಪಿಡಿ: ‘ಡ್ರಾಮಾ’ ಅನ್ನೋ ಮೊದಲು ಇದನ್ನೊಮ್ಮೆ ಕೇಳಿ

ಇವತ್ತಿನ ಎಪಿಸೋಡ್ ಸ್ವಲ್ಪ ಸೀರಿಯಸ್. ಇಯರ್‌ಫೋನ್ ಹಾಕ್ಕೊಂಡು ಕೇಳಿ.

ನನ್ನ ಸ್ನೇಹಿತೆಯೊಬ್ಬಳಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಬಿಪಿಡಿ ಇದೆ ಅಂತ ಡಾಕ್ಟರು ಹೇಳಿದರು. ವಿಜಯನಗರದ ಅವರ ಮನೆಯಲ್ಲಿ ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ: “ಈ ವಯಸ್ಸಿಗೇ ಬಿಪಿನಾ? ಉಪ್ಪು ಕಮ್ಮಿ ಮಾಡೇ.” ಬಿಕಾಂ ಓದಿದ ನಾನೂ ಏನು ಕಮ್ಮಿ ಇರಲಿಲ್ಲ. ಬಾರ್ಡರ್‌ಲೈನ್ ಅಂದ್ರೆ 35 ತಗೊಂಡು ಜಸ್ಟ್ ಪಾಸ್ ಆದ ಹಾಗೆ, ಕಾಯಿಲೆ ಇದ್ದೂ ಇಲ್ಲದ ಹಾಗೆ ಅಂದ್ಕೊಂಡಿದ್ದೆ.

ಎರಡೂ ತಪ್ಪು. 1938ರಲ್ಲಿ ಅಮೆರಿಕದ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್, ಆಗಿನ ಲೆಕ್ಕದಲ್ಲಿ ನ್ಯೂರೋಸಿಸ್‌ಗೂ ಸೈಕೋಸಿಸ್‌ಗೂ ಸರಿಯಾಗಿ ಸೇರದ ರೋಗಿಗಳಿಗೆ ಈ ಪದ ಬಳಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಅಧಿಕೃತವಾಗಿ ಸೇರಿತು. ಆ ಹಳೇ ಗಡಿಯ ಲೆಕ್ಕ ಹೋಯಿತು, ಹೆಸರು ಮಾತ್ರ ಉಳೀತು.

ಆ ಕೈಪಿಡಿಯಲ್ಲಿರೋ ಲಕ್ಷಣಗಳು 9. ಕನಿಷ್ಠ 5 ಇರಬೇಕು, ಅದೂ ಬಹಳ ಕಾಲದಿಂದ. ನನ್ನನ್ನು ಬಿಟ್ಟು ಹೋಗ್ತಾರೆ ಅನ್ನೋ ಭಯ, ಇವತ್ತು ದೇವರಂತೆ ಕಂಡವರು ನಾಳೆ ಶತ್ರುವಾಗೋದು, ಒಳಗೆಲ್ಲ ಖಾಲಿ ಅನ್ನಿಸೋದು, ಅತಿಯಾದ ಸಿಟ್ಟು, ದುಡುಕು, ತನಗೆ ತಾನೇ ನೋವು ಮಾಡ್ಕೊಳ್ಳೋದು, ಹೀಗೆ. ಬೈಪೋಲಾರ್ ಬೇರೆ. ಅಲ್ಲಿ ಮೂಡ್ ದಿನಗಟ್ಟಲೆ, ವಾರಗಟ್ಟಲೆ ಇರುತ್ತೆ. ಇಲ್ಲಿ ಯಾರದೋ ಒಂದು ಮಾತಿಗೆ ಗಂಟೆಗಳಲ್ಲೇ ಬದಲಾಗಬಹುದು. ರೀಲ್ಸ್ ನೋಡಿ ನೀವೇ ತೀರ್ಮಾನ ಮಾಡ್ಬೇಡಿ, ಅದು ಡಾಕ್ಟರ ಕೆಲಸ.

ಈಗ ನನ್ನ ತಪ್ಪು. ಒಂದು ಸಂಜೆ ಮೆಟ್ರೋದಲ್ಲಿ ಕೆಂಗೇರಿಗೆ ಹೋಗ್ತಾ ಅವಳ ಮೆಸೇಜ್ ಓದಿ, ಉತ್ತರ ಕೊಡಲಿಲ್ಲ. ಇಳಿಯೋ ಹೊತ್ತಿಗೆ 23 ಮೆಸೇಜ್. “ಡ್ರಾಮಾ ನಿಲ್ಲಿಸು” ಅಂದುಬಿಟ್ಟೆ. ಮೂರು ವಾರ ಮಾತಿಲ್ಲ. ಆಮೇಲೆ ಅವಳೇ ಹೇಳಿದಳು: “ಜಾಸ್ತಿ ಆಡ್ತಿದೀನಿ ಅಂತ ನನಗೂ ಗೊತ್ತಾಗುತ್ತೆ ಕಣೋ. ಆ ಹೊತ್ತಲ್ಲಿ ನಿಲ್ಲಿಸೋಕಾಗಲ್ಲ, ಅಷ್ಟೇ.” ಆ ಮೂರು ವಾರ ಅವಳು ಡಾಕ್ಟರ ಹತ್ತಿರಾನೂ ಹೋಗಿರಲಿಲ್ಲ. ‘ಡ್ರಾಮಾ’ ಅನ್ನೋ ಪದ ಮಾಡೋ ಕೆಲಸ ಅದು. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ನಿಜಕ್ಕೂ ಹೆಚ್ಚು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಒಳ್ಳೆ ಸುದ್ದಿಯೂ ಇದೆ. ಇದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆಗಿಂತ ಥೆರಪಿ. ಡಿಬಿಟಿ ಅನ್ನೋ ಪದ್ಧತಿ ರೂಪಿಸಿದ ಮಾರ್ಷಾ ಲಿನೆಹಾನ್, ಹರೆಯದಲ್ಲಿ ತಾವೇ ಮಾನಸಿಕ ಆಸ್ಪತ್ರೆಯಲ್ಲಿದ್ದೆ ಅಂತ 2011ರಲ್ಲಿ ಬಹಿರಂಗವಾಗಿ ಹೇಳಿದರು. ವರ್ಷಗಳು ಕಳೆದಂತೆ ಹೆಚ್ಚಿನವರ ಲಕ್ಷಣಗಳು ಕಡಿಮೆಯಾಗುತ್ತವೆ. ನಮ್ಮೂರಲ್ಲೇ ನಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕಾಮರ್ಸ್‌ನವನಾಗಿ ಇನ್ನೊಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ, ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ಜಾಗ ಕೊಡಬೇಕು. ನಿಮ್ಮ ಪಾಲಿಸಿ ತೆಗೆದು ಓದಿ.

ಅವಳ ಎಲ್ಲ ಮೆಸೇಜಿಗೂ ತಕ್ಷಣ ಉತ್ತರ ಕೊಡೋಕೆ ಈಗಲೂ ನನಗಾಗಲ್ಲ. “ಮೆಟ್ರೋದಲ್ಲಿದೀನಿ, ಎಂಟಕ್ಕೆ ಫೋನ್ ಮಾಡ್ತೀನಿ” ಅಂತ ಒಂದು ಸಾಲು ಕಳಿಸ್ತೀನಿ. ಎಂಟಕ್ಕೆ ಮಾಡ್ತೀನಿ.